ಎಳೆ ಸಸಿಗಳಲ್ಲಿ ಎಲೆ ಹಳದಿಯಾಗುವಿಕೆ

ಎಲೆ ಹಳದಿಯಾಗುವಿಕೆ ಎಂದರೆ ಸಸ್ಯದ ಎಲೆಗಳಲ್ಲಿ ಪತ್ರಹರಿತ್ತಿನ ಪ್ರಮಾಣ ಕುಗ್ಗಿ, ಹಸಿರು ಮಾಸಿ, ತಿಳಿಹಸಿರು, ಹಳದಿ ಅಥವಾ ಬಿಳಿಚಿದ ಬಣ್ಣ ಕಾಣಿಸಿಕೊಳ್ಳುವ ಸ್ಥಿತಿ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕ್ಲೋರೋಸಿಸ್ ಎಂದು ಹೆಸರು. ಮನುಷ್ಯರಲ್ಲಿ ಜ್ವರವು ಹೇಗೋ ಹಾಗೆ ಸಸ್ಯಗಳಲ್ಲಿ ಇದು ಒಂದು ಲಕ್ಷಣವೇ ಹೊರತು ಸ್ವತಃ ರೋಗವಲ್ಲ. ಪೋಷಕಾಂಶದ ಕೊರತೆ, ಬೇರಿನ ಬಳಿ ನಿಂತ ನೀರು, ಮಣ್ಣಿನಲ್ಲಿ ಸುಣ್ಣದ ಆಧಿಕ್ಯ, ಬೆಳಕಿನ ಅಭಾವ, ರಸ ಹೀರುವ ಕೀಟ, ನಂಜುರೋಗ ಮುಂತಾಗಿ ಪರಸ್ಪರ ಸಂಬಂಧವಿಲ್ಲದ ಹಲವು ಕಾರಣಗಳು ಒಂದೇ ಬಣ್ಣದಲ್ಲಿ ಪ್ರಕಟವಾಗುತ್ತವೆ. ಬೀಜದಲ್ಲಿ ಕೂಡಿಟ್ಟ ಆಹಾರ ಮುಗಿದು, ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಬೇಕಾದ ಮೊದಲ ಕೆಲವು ವಾರಗಳಲ್ಲಿ ಈ ಸ್ಥಿತಿ ಒದಗಿದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟ. ಹಳದಿ ಕಂಡೊಡನೆ ಯೂರಿಯಾ ಹಾಕುವ ಅಥವಾ ಇನ್ನಷ್ಟು ನೀರು ಕೊಡುವ ರೂಢಿಯಿಂದ ಸಾಯುವ ಸಸಿಗಳೂ ಕಡಿಮೆಯಿಲ್ಲ. ಆದ್ದರಿಂದ ಉಪಚಾರಕ್ಕಿಂತ ಮೊದಲು ಕಾರಣದ ನಿರ್ಣಯ ಅಗತ್ಯ.

ಹೆಸರು ಮತ್ತು ಇತಿಹಾಸ

ಕ್ಲೋರೋಸಿಸ್ ಎಂಬುದು ತಿಳಿಹಸಿರು ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಹಿಂದೆ ಯುರೋಪಿನ ವೈದ್ಯರು ಹದಿಹರೆಯದ ಹೆಣ್ಣುಮಕ್ಕಳಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ಅದಕ್ಕೆ ಕಬ್ಬಿಣದ ಲವಣಗಳನ್ನು ಔಷಧವಾಗಿ ಕೊಡುತ್ತಿದ್ದರು. 1840ರ ದಶಕದಲ್ಲಿ ಫ್ರಾನ್ಸಿನ ಯುಸೆಬ್ ಗ್ರಿ ಎಂಬವರು ಹಳದಿಗಟ್ಟಿದ ದ್ರಾಕ್ಷಿ ಬಳ್ಳಿಯ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಲೇಪಿಸಿ, ಅವು ಮತ್ತೆ ಹಸಿರಾಗುವುದನ್ನು ತೋರಿಸಿಕೊಟ್ಟರು. ಮನುಷ್ಯರ ಕಾಯಿಲೆಗೂ ಗಿಡದ ಕಾಯಿಲೆಗೂ ಹೆಸರು ಒಂದೇ, ಮದ್ದೂ ಒಂದೇ ಆದದ್ದು ವಿಜ್ಞಾನದ ಇತಿಹಾಸದ ಸ್ವಾರಸ್ಯಗಳಲ್ಲಿ ಒಂದು. 1860ರ ಸುಮಾರಿಗೆ ಜರ್ಮನಿಯ ಯೂಲಿಯಸ್ ಫಾನ್ ಸಾಕ್ಸ್ ಮಣ್ಣಿಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಸಸ್ಯಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿದರು. ಒಂದೊಂದೇ ಲವಣವನ್ನು ತಪ್ಪಿಸಿ, ಸಸ್ಯವು ಹೇಗೆ ನರಳುತ್ತದೆಂದು ನೋಡಲು ಇದರಿಂದ ಸಾಧ್ಯವಾಯಿತು. ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ಕೊರತೆಯ ಲಕ್ಷಣಗಳ ಪಟ್ಟಿಗಳ ಮೂಲ ಇಂತಹ ಪ್ರಯೋಗಗಳೇ.

ಹಸಿರು ಮಾಸುವ ಬಗೆ

ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆ ಮೆಗ್ನೀಸಿಯಂನ ಒಂದು ಪರಮಾಣು, ಅದರ ಸುತ್ತ ಸಾರಜನಕದ ನಾಲ್ಕು ಪರಮಾಣುಗಳು ಇರುತ್ತವೆ. ಇವೆರಡರಲ್ಲಿ ಯಾವುದು ಕಡಿಮೆಯಾದರೂ ಪತ್ರಹರಿತ್ತು ರೂಪುಗೊಳ್ಳದು. ಕಬ್ಬಿಣವು ಈ ಅಣುವಿನ ಭಾಗವಲ್ಲ. ಆದರೆ ಅದನ್ನು ಕಟ್ಟುವ ಕ್ರಿಯೆಗೆ ಅದು ಬೇಕೇ ಬೇಕು. ಹಸಿರು ಮಾಸಿದಾಗ, ಅದರ ಹಿಂದೆ ಮರೆಯಾಗಿದ್ದ ಕೆರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯಗಳು ಮೇಲೆ ಕಾಣುತ್ತವೆ. ಅಂದರೆ ಹಳದಿ ಹೊಸದಾಗಿ ಬಂದದ್ದಲ್ಲ, ಮೊದಲೇ ಇದ್ದದ್ದು.

ಪತ್ರಹರಿತ್ತು ತಯಾರಾಗಲು ಬೆಳಕೂ ಬೇಕು. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡುವ ಮನೆಗಳಲ್ಲಿ, ದೇವರ ಕೋಣೆಯ ಮಬ್ಬಿನಲ್ಲಿ ಮೊಳೆತ ಧಾನ್ಯದ ಸಸಿಗಳು ನೀಳವಾಗಿ, ಎಳಹಳದಿ ಬಣ್ಣದಲ್ಲಿ ಬೆಳೆಯುವುದನ್ನು ಹಲವರು ನೋಡಿರುತ್ತಾರೆ. ಅವುಗಳಿಗೆ ಯಾವ ಗೊಬ್ಬರದ ಕೊರತೆಯೂ ಇಲ್ಲ. ಬಿಸಿಲಿಗಿಟ್ಟರೆ ಅವು ಬೇಗನೆ ಹಸಿರಾಗುತ್ತವೆ. ನೆರಳಿನಲ್ಲಿ ಒತ್ತೊತ್ತಾಗಿ ಬೆಳೆದ ಸಸಿಮಡಿಯಲ್ಲೂ, ಕಿಟಕಿಯಿಂದ ದೂರವಿಟ್ಟ ಕುಂಡದಲ್ಲೂ ನಡೆಯುವುದು ಇದೇ. ಕಾಂಡ ತೆಳ್ಳಗೆ ಉದ್ದವಾಗಿದ್ದು, ಗೆಣ್ಣುಗಳ ಅಂತರ ಹೆಚ್ಚಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬೆಳಕನ್ನು.

ಯಾವ ಎಲೆಯಿಂದ ಆರಂಭ

ಕಾರಣವನ್ನು ಗುರುತಿಸುವಲ್ಲಿ ಅತ್ಯಂತ ಉಪಯುಕ್ತವಾದ ಪ್ರಶ್ನೆ, ಹಳದಿ ಮೊದಲು ಕಾಣಿಸಿಕೊಂಡದ್ದು ಕೆಳಗಿನ ಹಳೆಯ ಎಲೆಗಳಲ್ಲೋ ತುದಿಯ ಚಿಗುರಿನಲ್ಲೋ ಎಂಬುದು. ಇಡೀ ಗಿಡ ಹಳದಿಯಾದ ಮೇಲೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆದ್ದರಿಂದ ಮೊದಲ ದಿನಗಳಲ್ಲೇ ಗಮನಿಸಬೇಕು.

ಸಾರಜನಕ, ರಂಜಕ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಸಸ್ಯದೊಳಗೆ ಚಲಿಸಬಲ್ಲ ಧಾತುಗಳು. ಇವುಗಳಿಗೆ ಬರ ಬಂದಾಗ ಸಸ್ಯವು ಹಳೆಯ ಎಲೆಗಳಿಂದ ಅವನ್ನು ಹಿಂತೆಗೆದು ಚಿಗುರಿಗೆ ಕಳುಹಿಸುತ್ತದೆ. ಮನೆಯ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ. ಹಾಗಾಗಿ ಕೊರತೆಯ ಗುರುತು ಕೆಳಗಿನ ಎಲೆಗಳಲ್ಲಿ ಮೊದಲು ಮೂಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಮುಂತಾದವು ಒಮ್ಮೆ ಎಲೆಯಲ್ಲಿ ನೆಲೆಗೊಂಡ ಮೇಲೆ ಸುಲಭವಾಗಿ ಕದಲುವುದಿಲ್ಲ. ಅವುಗಳ ಕೊರತೆಯಲ್ಲಿ ಹಳೆಯ ಎಲೆ ಹಸಿರಾಗಿಯೇ ಇದ್ದು ಚಿಗುರು ನರಳುತ್ತದೆ. ಗಂಧಕ ಮತ್ತು ಮ್ಯಾಂಗನೀಸ್ ಕೊರತೆಗಳೂ ಸಾಮಾನ್ಯವಾಗಿ ಎಳೆಯ ಎಲೆಗಳಲ್ಲೇ ಕಾಣುತ್ತವೆ.

ಎರಡನೆಯ ಪ್ರಶ್ನೆ ಎಲೆಯ ನರಗಳ ಬಣ್ಣ. ನರಗಳೂ ಸೇರಿದಂತೆ ಇಡೀ ಎಲೆ ಒಂದೇ ಸಮನೆ ತಿಳಿಯಾಗಿದ್ದು, ಅದು ಕೆಳಗಿನ ಎಲೆಯಾಗಿದ್ದರೆ ಸಾರಜನಕದ ಕೊರತೆಯ ಸಂಭವ ಹೆಚ್ಚು, ಚಿಗುರೆಲೆಯಾಗಿದ್ದರೆ ಗಂಧಕದ್ದು. ನರಗಳು ಹಸಿರಾಗಿ ಉಳಿದು ಅವುಗಳ ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಹಳೆಯ ಎಲೆಯಲ್ಲಿ ಅದು ಮೆಗ್ನೀಸಿಯಂ ಕೊರತೆಯನ್ನೂ ಚಿಗುರಿನಲ್ಲಿ ಕಬ್ಬಿಣ ಅಥವಾ ಮ್ಯಾಂಗನೀಸ್ ಕೊರತೆಯನ್ನೂ ಸೂಚಿಸುತ್ತದೆ. ಹಳೆಯ ಎಲೆಯ ಅಂಚು ಸುಟ್ಟಂತೆ ಒಣಗುತ್ತ ಬಂದರೆ ಪೊಟ್ಯಾಸಿಯಂ ಕೊರತೆ. ರಂಜಕ ಕಡಿಮೆಯಾದಾಗ ಎಲೆ ಹಳದಿಯಾಗುವುದಕ್ಕಿಂತ ಹೆಚ್ಚಾಗಿ ಕಡುಹಸಿರಾಗುವುದು ಅಥವಾ ಮೆಕ್ಕೆಜೋಳದ ಸಸಿಗಳಲ್ಲಿರುವಂತೆ ನೇರಳೆ ಛಾಯೆ ತಳೆಯುವುದು ವಾಡಿಕೆ.

ಸಸಿಯ ಬೀಜದಳಗಳು ತಮ್ಮ ಕೆಲಸ ಮುಗಿದ ಮೇಲೆ ಹಳದಿಯಾಗಿ ಉದುರುವುದು ಸಹಜ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಬೇರು ಮತ್ತು ನೀರು

ಮೇಲಿನ ಸೂಚಿಯನ್ನು ಓದಿದವರು ಹಳದಿ ಎಂದರೆ ಯಾವುದೋ ಒಂದು ಪೋಷಕಾಂಶ ಮಣ್ಣಿನಲ್ಲಿಲ್ಲ ಎಂದು ತೀರ್ಮಾನಿಸುವುದುಂಟು. ಕುಂಡಗಳಲ್ಲಿ, ಪಾಲಿಥಿನ್ ಚೀಲಗಳಲ್ಲಿ ಬೆಳೆಸಿದ ಸಸಿಗಳ ಮಟ್ಟಿಗೆ ಇದು ಬಹಳ ವೇಳೆ ತಪ್ಪು. ಪೋಷಕಾಂಶ ಅಲ್ಲಿಯೇ ಇದ್ದರೂ ಅದನ್ನು ಹೀರುವ ಬೇರು ಸೋತಿರುತ್ತದೆ. ಬೇರಿಗೆ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದಾಗ ಗಾಳಿ ಸುಳಿಯದೆ ಬೇರಿನ ತುದಿಗಳು ಸಾಯುತ್ತವೆ. ಆಗ ಗಿಡ ಬಾಡಿದಂತೆ ಕಾಣುವುದರಿಂದ ನೀರು ಸಾಲದೆಂದು ತಿಳಿದು ಮತ್ತೆ ನೀರು ಹಾಕುವವರೇ ಹೆಚ್ಚು.

ಇದನ್ನು ತಿಳಿಯಲು ಉಪಕರಣ ಬೇಡ. ಬೆರಳನ್ನು ಒಂದೆರಡು ಅಂಗುಲ ಮಣ್ಣಿಗೆ ಇಳಿಸಿ ನೋಡುವುದು, ಚೀಲದ ತಳದ ತೂತು ಮುಚ್ಚಿದೆಯೇ ಎಂದು ಪರೀಕ್ಷಿಸುವುದು, ಒಂದು ಸಸಿಯನ್ನು ಮಣ್ಣುಸಹಿತ ಮೆಲ್ಲಗೆ ಎತ್ತಿ ಬೇರನ್ನು ನೋಡುವುದು ಸಾಕು. ಆರೋಗ್ಯವಂತ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದುಬಣ್ಣದ್ದಾಗಿದ್ದು, ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ನೂಲಿನಂತಹ ಭಾಗ ಮಾತ್ರ ಉಳಿಯುತ್ತದೆ. ಕೆಟ್ಟ ವಾಸನೆಯೂ ಇರಬಹುದು. ಇಂತಹ ಸಸಿಗೆ ಗೊಬ್ಬರ ಹಾಕಿದರೆ ಲವಣಗಳ ಸಾಂದ್ರತೆ ಹೆಚ್ಚಿ ಉಳಿದ ಬೇರೂ ಸುಡುತ್ತದೆ. ನೀರು ನಿಲ್ಲಿಸಿ, ಬಸಿಯುವ ದಾರಿ ಮಾಡಿ, ಹೊಸ ಬೇರು ಬರುವವರೆಗೆ ಕಾಯುವುದೇ ಮದ್ದು.

ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳಲ್ಲಿ ಇನ್ನೊಂದು ತೊಡಕಿದೆ. ಕೊಳೆಯಿಸದ ಹಸಿ ಪುಡಿಯಲ್ಲಿ ಇಂಗಾಲದ ಪ್ರಮಾಣ ಸಾರಜನಕದ ನೂರು ಪಟ್ಟಿಗೂ ಹೆಚ್ಚಿರುತ್ತದೆ. ಅದನ್ನು ಕೊಳೆಸಲು ತೊಡಗುವ ಸೂಕ್ಷ್ಮಜೀವಿಗಳು ಸಿಕ್ಕ ಸಾರಜನಕವನ್ನೆಲ್ಲ ತಾವೇ ಬಳಸಿಕೊಳ್ಳುವುದರಿಂದ ಸಸಿ ಹಸಿದಿರುತ್ತದೆ. ಹಸಿ ಕೊಟ್ಟಿಗೆ ಗೊಬ್ಬರಕ್ಕೆ ಹುಲ್ಲು, ಮರದ ಪುಡಿ ಬೆರೆತಾಗಲೂ ಹೀಗೆಯೇ. ಚೆನ್ನಾಗಿ ಕಳಿತ, ಲವಣ ತೊಳೆದ ಪುಡಿಗೆ ಎರೆಗೊಬ್ಬರ ಬೆರೆಸಿ ಬಳಸುವ ಪದ್ಧತಿ ಇದೇ ಕಾರಣಕ್ಕೆ ರೂಢಿಗೆ ಬಂದಿದೆ.

ದ್ವಿದಳ ಧಾನ್ಯದ ಸಸಿಗಳು ಮೊಳೆತ ಎರಡು ಮೂರು ವಾರಗಳಲ್ಲಿ ತುಸು ಪೇಲವವಾಗಿ ಕಾಣಬಹುದು. ಬೀಜದ ಸಾರಜನಕ ಮುಗಿದು, ಬೇರಿನ ಗಂಟುಗಳು ಇನ್ನೂ ಕೆಲಸ ಆರಂಭಿಸದ ಅವಧಿ ಅದು. ಗಂಟೊಂದನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದರ್ಥ. ಆಗ ಯೂರಿಯಾ ಕೊಟ್ಟರೆ ಗಂಟುಗಳ ಬೆಳವಣಿಗೆಗೇ ಅಡ್ಡಿಯಾಗುತ್ತದೆ.

ಸುಣ್ಣದ ನೆಲದಲ್ಲಿ ಕಬ್ಬಿಣದ ಹಸಿವು

ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಗಿಡಕ್ಕೆ ದಕ್ಕದಿರುವುದಕ್ಕೆ ಉತ್ತರ ಕರ್ನಾಟಕದ ಎರೆಭೂಮಿ ಒಳ್ಳೆಯ ಉದಾಹರಣೆ. ಸುಣ್ಣಕಲ್ಲಿನ ಹರಳುಗಳಿರುವ ಕಪ್ಪು ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ. ರಸಸಾರ ಏರಿದಂತೆಲ್ಲ ಕಬ್ಬಿಣದ ಕರಗುವಿಕೆ ತೀವ್ರವಾಗಿ ಕುಸಿಯುತ್ತದೆ. ಇಂತಹ ಹೊಲಗಳಲ್ಲಿ ಶೇಂಗಾ ಸಸಿಗಳ ಚಿಗುರೆಲೆ ಮೊದಲು ನರಗಳ ನಡುವೆ ಹಳದಿಯಾಗಿ, ಕೊನೆಗೆ ಹಾಳೆಯಂತೆ ಬಿಳಿಯಾಗುತ್ತದೆ. ಕೂಳೆ ಕಬ್ಬಿನ ಎಳೆಯ ಗರಿಗಳಲ್ಲೂ ಇದು ಸಾಮಾನ್ಯ. ಮಳೆ ಬಿಡದೆ ಸುರಿದು ಮಣ್ಣು ತೊಯ್ದಿರುವ ದಿನಗಳಲ್ಲಿ ಬೈಕಾರ್ಬೊನೇಟ್ ಶೇಖರವಾಗಿ ಬಿಳಿಚುವಿಕೆ ಹೆಚ್ಚುತ್ತದೆ. ನೆಲ ಆರಿದಾಗ ಸಸಿ ತಾನಾಗಿಯೇ ಭಾಗಶಃ ಚೇತರಿಸಿಕೊಳ್ಳುವುದೂ ಉಂಟು. ಗಡಸು ಕೊಳವೆಬಾವಿ ನೀರನ್ನೇ ಸದಾ ಉಣಿಸಿದ ಕುಂಡದ ಗಿಡಗಳಲ್ಲಿ ಕಾಣುವ ಚಿಗುರಿನ ಹಳದಿಗೂ ಇದೇ ಮೂಲ.

ಭತ್ತದಲ್ಲಿ ಸಂಗತಿ ತಿರುವುಮುರುವು. ನೀರು ನಿಲ್ಲಿಸದ ಒಣ ಸಸಿಮಡಿಯಲ್ಲಿ ಬಿಳಿಚಿದ ಭತ್ತದ ಸಸಿಗಳು, ಮಡಿಯಲ್ಲಿ ನೀರು ನಿಲ್ಲಿಸಿದರೆ ಹಸಿರಾಗುತ್ತವೆ. ಗಾಳಿಯಾಡದ ಕೆಸರಿನಲ್ಲಿ ಕಬ್ಬಿಣವು ಕರಗುವ ಫೆರಸ್ ರೂಪಕ್ಕೆ ಇಳಿಯುವುದೂ, ಭತ್ತದ ಬೇರಿಗೆ ಕಾಂಡದ ಮೂಲಕ ಗಾಳಿ ಒದಗುವುದೂ ಇದಕ್ಕೆ ಕಾರಣ. ನಿಂತ ನೀರು ಒಂದು ಬೆಳೆಗೆ ಕಂಟಕ, ಇನ್ನೊಂದಕ್ಕೆ ಮದ್ದು ಎಂಬುದನ್ನು ನೆನಪಿಟ್ಟರೆ ಎಲ್ಲ ಹಳದಿಗೂ ಒಂದೇ ಸೂತ್ರ ಹುಡುಕುವ ಗೊಡವೆ ತಪ್ಪುತ್ತದೆ.

ಸುಣ್ಣದ ನೆಲದ ಹಳದಿ ಎಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಒಟ್ಟು ಕಬ್ಬಿಣದ ಪ್ರಮಾಣ ಹಸಿರೆಲೆಯಲ್ಲಿರುವಷ್ಟೇ ಇರುವುದೂ ಉಂಟು. ಎಲೆಯೊಳಗೆ ಬಂದ ಕಬ್ಬಿಣದ ಒಂದು ಪಾಲು ನಿಷ್ಕ್ರಿಯವಾಗಿ ಉಳಿಯುವುದೇ ಇದಕ್ಕೆ ಕಾರಣ. ಆದ್ದರಿಂದ ಗ್ರಿ ಅವರ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿದೆ: ಅನ್ನಭೇದಿಯ, ಅಂದರೆ ಕಬ್ಬಿಣದ ಸಲ್ಫೇಟಿನ, ತೆಳು ದ್ರಾವಣವನ್ನು ಹಳದಿ ಎಲೆಯ ಅರ್ಧ ಭಾಗಕ್ಕೆ ಮಾತ್ರ ಹಚ್ಚಿ ಬಿಡುವುದು. ಕೆಲವು ದಿನಗಳಲ್ಲಿ ಆ ಅರ್ಧ ಮಾತ್ರ ಹಸಿರಾದರೆ ಕಬ್ಬಿಣದ ಕೊರತೆ ಖಚಿತ. ಶಾಲೆಯ ಕೈತೋಟದಲ್ಲಿ ಮಕ್ಕಳಿಂದಲೂ ಮಾಡಿಸಬಹುದಾದ ಪ್ರಯೋಗವಿದು.

ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಸಮಸ್ಯೆ ಬೇರೆ. ಹುಳಿಯಾದ ಈ ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಭಾರಿ ಮಳೆಗೆ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಕೊಚ್ಚಿಹೋಗುತ್ತವೆ. ಪೊಟ್ಯಾಷ್ ಗೊಬ್ಬರ ಅತಿಯಾದರೆ ಬೇರು ಮೆಗ್ನೀಸಿಯಂ ಹೀರುವುದು ಇನ್ನೂ ತಗ್ಗುತ್ತದೆ. ಇಲ್ಲಿ ಡಾಲಮೈಟ್ ಸುಣ್ಣ ಹಾಕಿದರೆ ಹುಳಿ ತಗ್ಗಿ ಎರಡೂ ಧಾತುಗಳು ದೊರೆಯುತ್ತವೆ. ಅದೇ ಡಾಲಮೈಟನ್ನು ಎರೆಭೂಮಿಗೆ ಹಾಕಿದರೆ ರೋಗ ಉಲ್ಬಣಿಸುತ್ತದೆ.

ಖೈರಾ: ಒಂದು ಪ್ರಸಿದ್ಧ ನಿದಾನ

ಹಿಮಾಲಯದ ಬುಡದ ತರಾಯಿ ಪ್ರದೇಶದಲ್ಲಿ, ನಾಟಿ ಮಾಡಿದ ಕೆಲವೇ ವಾರಗಳಲ್ಲಿ ಭತ್ತದ ಸಸಿಗಳ ಎಲೆಯ ಬುಡ ಬಿಳಿಚಿ, ಬಳಿಕ ತುಕ್ಕಿನಂತಹ ಕಂದು ಚುಕ್ಕೆಗಳು ಹರಡಿ, ಬೆಳವಣಿಗೆ ಕುಂಠಿತವಾಗುತ್ತಿತ್ತು. ಎಲೆಗಳ ಬಣ್ಣ ಕಾಚಿನಂತೆ ಕಂಡದ್ದರಿಂದ ಇದಕ್ಕೆ ಖೈರಾ ಎಂಬ ಹೆಸರು ಬಂದಿತು. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರಜ್ಞ ವೈ. ಎಲ್. ನೆನೆ ಅವರು 1966ರಲ್ಲಿ ಇದು ಶಿಲೀಂಧ್ರದಿಂದಲೋ ನಂಜಿನಿಂದಲೋ ಬಂದದ್ದಲ್ಲ, ಸತುವಿನ ಕೊರತೆಯಿಂದ ಬಂದದ್ದು ಎಂದು ಪ್ರಕಟಿಸಿದರು. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಅರಳಿದ ಸುಣ್ಣ ಬೆರೆಸಿ ಸಿಂಪಡಿಸುವ ಅಗ್ಗದ ಉಪಾಯ ಇದಕ್ಕೆ ಪರಿಹಾರವಾಗಿ ಬಳಕೆಗೆ ಬಂದಿತು. ರೋಗಾಣುಗಳನ್ನು ಅರಸುವುದೇ ವೃತ್ತಿಯಾದ ವಿಜ್ಞಾನಿಯೊಬ್ಬರು ರೋಗಾಣುವಿಲ್ಲ ಎಂದು ನಿರ್ಣಯಿಸಿದ್ದು ಗಮನಾರ್ಹ.

ನಂಜುರೋಗ ಮತ್ತು ಕೀಟಗಳು

ಪೋಷಕಾಂಶದ ಕೊರತೆ ಸಾಮಾನ್ಯವಾಗಿ ಒಂದು ಪ್ರದೇಶದ ಎಲ್ಲ ಸಸಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ, ಎಲೆಯ ಎರಡೂ ಪಾರ್ಶ್ವಗಳಲ್ಲಿ ಸಮವಾಗಿ ಮೂಡುತ್ತದೆ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಹಳದಿಯಾಗಿದ್ದು, ಎಲೆಯ ಮೇಲೆ ಅಡ್ಡಾದಿಡ್ಡಿ ಮಚ್ಚೆಗಳಿದ್ದು, ಎಲೆ ಮುದುರಿದ್ದರೆ ನಂಜುರೋಗವನ್ನು ಶಂಕಿಸಬೇಕು. ಹೆಸರು, ಉದ್ದು ಬೆಳೆಗಳ ಹಳದಿ ನಂಜು ರೋಗ ಹಾಗೂ ಬೆಂಡೆಯ ಹಳದಿ ನರ ರೋಗವನ್ನು ಬಿಳಿನೊಣ ಹರಡುತ್ತದೆ. ಬೆಂಡೆಯಲ್ಲಿ ಲಕ್ಷಣ ಕಬ್ಬಿಣದ ಕೊರತೆಗೆ ನೇರ ವಿರುದ್ಧ: ನರಗಳೇ ಹಳದಿಯಾಗಿ, ನಡುವಿನ ಭಾಗ ಮೊದಲು ಹಸಿರಾಗಿ ಉಳಿಯುತ್ತದೆ. ನಂಜು ತಗುಲಿದ ಸಸಿಯನ್ನು ಗುಣಪಡಿಸುವ ಔಷಧವಿಲ್ಲ. ಅದನ್ನು ಕಿತ್ತು ನಾಶಮಾಡುವುದು, ಸಸಿಮಡಿಗೆ ನುಣ್ಣನೆಯ ನೈಲಾನ್ ಪರದೆ ಕಟ್ಟುವುದು, ನಿರೋಧಕ ತಳಿ ಆರಿಸುವುದು ಇರುವ ದಾರಿಗಳು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಇಂತಹ ನಿರೋಧಕತೆಗಾಗಿಯೇ ರೂಪಿಸಿದ ತಳಿ.

ಶೃಂಗೇರಿ, ಕೊಪ್ಪ ಮತ್ತು ಸುಳ್ಯದ ಕಡೆಯ ಅಡಿಕೆ ತೋಟಗಳನ್ನು ಬಾಧಿಸಿರುವ ಹಳದಿ ಎಲೆ ರೋಗ ಇನ್ನೊಂದು ಬಗೆಯದು. ಕೇರಳದಲ್ಲಿ 1914ರ ಸುಮಾರಿಗೆ ಗುರುತಿಸಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಮೆಗ್ನೀಸಿಯಂ ಕೊರತೆಯ ಹಳದಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವುದು ಸುಲಭ, ಆದರೆ ಫಲ ಬೇರೆ: ಮೊದಲನೆಯದು ಗೊಬ್ಬರದಿಂದ ಸರಿಹೋಗುತ್ತದೆ, ಎರಡನೆಯದಕ್ಕೆ ಸಂಪೂರ್ಣ ಚಿಕಿತ್ಸೆ ಇಲ್ಲ. ಹೊಸದಾಗಿ ಸಸಿ ನೆಡುವವರಿಗೆ ಈ ವ್ಯತ್ಯಾಸ ಜೀವನೋಪಾಯದ ಪ್ರಶ್ನೆ.

ಎಲೆಯ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಹಳದಿ ಚುಕ್ಕೆಗಳು ತುಂಬಿದ್ದರೆ ಎಲೆಯನ್ನು ಮಗುಚಿ ನೋಡಬೇಕು. ನುಸಿ, ಸಸ್ಯಹೇನು, ಜಿಗಿಹುಳು ಅಡಗುವುದು ಅಡಿಭಾಗದಲ್ಲಿ. ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿದಾಗ ಉದುರಿದ ಕಣಗಳು ಹರಿದಾಡಿದರೆ ಅದು ನುಸಿ. ಕಳೆನಾಶಕ ತುಂಬಿದ್ದ ಪಂಪನ್ನು ತೊಳೆಯದೆ ಬಳಸಿದಾಗಲೂ ಸಸಿಗಳು ಹಠಾತ್ತನೆ ಬಿಳಿಚುತ್ತವೆ. ಮೆಕ್ಕೆಜೋಳದಂತಹ ಬೆಳೆಗಳಲ್ಲಿ ಹುಟ್ಟಿನಿಂದಲೇ ಅಚ್ಚಬಿಳುಪಾದ ಸಸಿಗಳು ಅಪರೂಪಕ್ಕೆ ಸಿಗುತ್ತವೆ. ಅದು ಆನುವಂಶಿಕ ದೋಷವಾದ್ದರಿಂದ ಬೀಜದ ಆಹಾರ ಮುಗಿದೊಡನೆ ಅವು ಸಾಯುತ್ತವೆ.

ಪರಿಹಾರ

ಬೆಳಕು, ನೀರು, ಬೇರು ಮತ್ತು ಎಲೆಯ ಅಡಿಭಾಗ ಇವಿಷ್ಟನ್ನು ನೋಡಿದ ಮೇಲೆಯೇ ಪೋಷಕಾಂಶದ ಮಾತು ಬರಬೇಕು. ಎಲೆಗೆ ಸಿಂಪಡಣೆ ಬೇಗ ಫಲ ನೀಡುತ್ತದೆ, ಆದರೆ ತಾತ್ಕಾಲಿಕ. ಸಾರಜನಕಕ್ಕೆ ಯೂರಿಯಾವನ್ನೂ ಮೆಗ್ನೀಸಿಯಂಗೆ ಎಪ್ಸಮ್ ಲವಣವನ್ನೂ ಬೆಳೆದ ಗಿಡಗಳಿಗೆ ಲೀಟರಿಗೆ 10 ಗ್ರಾಂನಂತೆ ಬಳಸುತ್ತಾರೆ. ಎಳೆಯ ಸಸಿಗಳಿಗೆ ಅದರ ಅರ್ಧ ಮೀರದಿರುವುದು ಒಳಿತು. ಕಬ್ಬಿಣಕ್ಕೆ ಲೀಟರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸುತ್ತಾರೆ. ಈ ದ್ರಾವಣವನ್ನು ಆಗಿಂದಾಗಲೇ ತಯಾರಿಸಬೇಕು. ಇಟ್ಟರೆ ಗಾಳಿಗೆ ಉತ್ಕರ್ಷಣಗೊಂಡು ಕಂದಾಗಿ ನಿಷ್ಪ್ರಯೋಜಕವಾಗುತ್ತದೆ. ಸಿಂಪಡಣೆಯನ್ನು ಬಿಸಿಲಿಳಿದ ಮೇಲೆ ಮಾಡಬೇಕು, ಮತ್ತು ಮೊದಲು ಎರಡು ಮೂರು ಸಸಿಗಳ ಮೇಲೆ ಪರೀಕ್ಷಿಸಬೇಕು.

ಸುಣ್ಣದ ನೆಲಕ್ಕೆ ಅನ್ನಭೇದಿಯನ್ನು ನೇರವಾಗಿ ಸುರಿದರೆ ಅದು ಅಲ್ಲಿಯೇ ಬಂಧಿತವಾಗುತ್ತದೆ. ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕೊಡುವುದು ಉತ್ತಮ. ಚೀಲೇಟ್ ಎಂಬ ರಕ್ಷಿತ ರೂಪದ ಕಬ್ಬಿಣ ಅಂಗಡಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಇಡಿಟಿಎ ಬಗೆಯು ರಸಸಾರ ಸುಮಾರು 6.5 ಮೀರಿದ ಮಣ್ಣಿನಲ್ಲಿ ಸ್ಥಿರವಾಗಿ ಉಳಿಯದು, ಇಡಿಡಿಎಚ್‌ಎ ಬಗೆಯು ಕ್ಷಾರ ಮಣ್ಣಿನಲ್ಲೂ ಉಳಿಯುತ್ತದೆ. ಹೆಸರು ನೋಡದೆ ಕೊಂಡರೆ ಹಣ ವ್ಯರ್ಥ.

ಹೊಲದ ಮಟ್ಟದಲ್ಲಿ ಮಣ್ಣು ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ, ಗಂಧಕ, ಸತು, ಕಬ್ಬಿಣ ಸೇರಿ 12 ಅಂಶಗಳ ವಿವರ ಇರುತ್ತದೆ. ಈ ಹನ್ನೆರಡರಲ್ಲಿ ಮೆಗ್ನೀಸಿಯಂ ಸೇರಿಲ್ಲವಾದ್ದರಿಂದ, ಮಲೆನಾಡಿನವರು ಅದನ್ನು ಪ್ರತ್ಯೇಕವಾಗಿ ಕೇಳಿ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಪೂರ್ತಿ ಹಳದಿಯಾದ ಹಳೆಯ ಎಲೆ ಸಾಮಾನ್ಯವಾಗಿ ಮತ್ತೆ ಹಸಿರಾಗುವುದಿಲ್ಲ. ಉಪಚಾರ ಫಲಿಸಿದೆಯೇ ಎಂದು ತಿಳಿಯಲು ಅದನ್ನಲ್ಲ, ಮುಂದಿನ ಒಂದೆರಡು ವಾರಗಳಲ್ಲಿ ಬಿಚ್ಚಿಕೊಳ್ಳುವ ಹೊಸ ಎಲೆಯನ್ನು ನೋಡಬೇಕು. ಅಷ್ಟರಲ್ಲಿ ಎರಡನೆಯ ಔಷಧವನ್ನು ಸೇರಿಸಿದರೆ ಯಾವುದರಿಂದ ಗುಣವಾಯಿತೆಂದು, ಅಥವಾ ಯಾವುದರಿಂದ ಕೆಟ್ಟಿತೆಂದು, ತಿಳಿಯುವ ದಾರಿ ಉಳಿಯುವುದಿಲ್ಲ.